ಮ್ಯಾನಿಟಾಲ್ ತೊಟ್ಟಿಕ್ಕುವ ಊರು

ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದವರೆಲ್ಲ ಎಟ್ನಾ ಜ್ವಾಲಾಮುಖಿಯನ್ನೂ ಪಲೆರ್ಮೊದ ಚರ್ಚುಗಳನ್ನೂ ನೋಡುತ್ತಾರೆ. ನಾವೂ ನೋಡಿದೆವು, ಚೆನ್ನಾಗಿವೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಮಡೋನಿಯೆ ಬೆಟ್ಟಸಾಲಿನ ಕಾಸ್ತೆಲ್‌ಬುವೊನೊದಲ್ಲಿ ಕಂಡ ಒಂದು ಮರದ ವಿಷಯ.

ಹುಬ್ಬಳ್ಳಿಯಲ್ಲಿ ನಾನು ದಾದಿಯಾಗಿದ್ದ ವಾರ್ಡಿನಲ್ಲಿ ಮ್ಯಾನಿಟಾಲ್ ಎಂಬ ಮಾತು ಕೇಳದ ದಿನವಿರಲಿಲ್ಲ. ತಲೆಗೆ ಪೆಟ್ಟು ಬಿದ್ದು ಮಿದುಳು ಊದಿಕೊಂಡವರಿಗೆ ಅದನ್ನು ರಕ್ತನಾಳದ ಮೂಲಕ ಹರಿಸುತ್ತೇವೆ. ಚಳಿಗೆ ಬಾಟಲಿಯೊಳಗೆ ಹರಳುಗಟ್ಟುತ್ತದೆ. ಬಿಸಿನೀರಿನಲ್ಲಿಟ್ಟು ಕರಗಿಸಿ, ಒಂದು ಹರಳೂ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿಯೇ ಹಾಕಬೇಕು. ಆ ಹೆಸರು ಎಲ್ಲಿಂದ ಬಂತೆಂದು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಪಲೆರ್ಮೊದಲ್ಲಿ ರಸಾಯನಶಾಸ್ತ್ರ ಓದುತ್ತಿರುವ ತಂಗಿಯ ಮಗ, “ದೊಡ್ಡಮ್ಮ, ನಿಮ್ಮ ಮ್ಯಾನಿಟಾಲ್ ಮರದಿಂದ ಇಳಿಯುವುದನ್ನು ತೋರಿಸುತ್ತೇನೆ, ಬನ್ನಿ” ಎಂದು ಕರೆದುಕೊಂಡು ಹೋದ.

ಆಗಸ್ಟ್ ತಿಂಗಳ ಸುಡು ಬಿಸಿಲು. ತೋಟದ ಯಜಮಾನರು ಎಪ್ಪತ್ತು ದಾಟಿದವರು. ಆಶ್ ಮರದ ಕಾಂಡಕ್ಕೆ ಬಾಗಿದ ಚೂರಿಯಿಂದ ಅಡ್ಡಲಾಗಿ ಒಂದು ಗೀರು ಎಳೆದರು. ಗೀರಿನಿಂದ ನೀಲಿ ಛಾಯೆಯ ನೀರು ಜಿನುಗಿತು. ಬೆರಳಿಗೆ ಹಚ್ಚಿ ನೆಕ್ಕಿದರೆ ಕಹಿ! ಗಾಳಿಬಿಸಿಲು ತಾಗುತ್ತಾ ಅದು ಬೆಳ್ಳಗಾಗಿ, ಗಟ್ಟಿಯಾಗಿ, ಸಿಹಿಯಾಗುತ್ತದೆ. ಹಿಂದಿನ ಗೀರುಗಳಿಂದ ಇಳಿದದ್ದು ಮೇಣದಬತ್ತಿಯ ಮೇಣದಂತೆ ನೇತಾಡುತ್ತಿತ್ತು. ನೆಲಕ್ಕೆ ತೊಟ್ಟಿಕ್ಕುವುದನ್ನು ಹಿಡಿಯಲು ಬುಡದಲ್ಲಿ ಪಾಪಾಸುಕಳ್ಳಿಯ ಒಣಗಿದ ಹಾಳೆಗಳನ್ನು ಇಟ್ಟಿದ್ದರು. ಇದೇ ಮನ್ನಾ. ಬೈಬಲ್ಲಿನಲ್ಲಿ ಆಕಾಶದಿಂದ ಬಿತ್ತೆನ್ನುವ ಆಹಾರದ ಹೆಸರನ್ನು ಈ ಮರದ ರಸಕ್ಕೂ ಇಟ್ಟಿದ್ದಾರೆ. ಮರ ಮಾತ್ರ ನಮ್ಮ ಮಲ್ಲಿಗೆಯ ಕುಟುಂಬದ್ದು.

ಮರ ಸಿದ್ಧವಾಗಿದೆಯೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಎಲೆಯ ಹೊಳಪು ಹೋಗಬೇಕು, ಬುಡದ ಮಣ್ಣು ಒಣಗಿ ಬಿರಿಯಬೇಕು ಎಂದರು. ದಿನಕ್ಕೊಂದು ಗೀರು, ಹಿಂದಿನದಕ್ಕಿಂತ ತುಸು ಮೇಲೆ. ನಡುವೆ ಮಳೆ ಬಂದರೆ ಮರದ ಮೇಲಿದ್ದದ್ದೆಲ್ಲ ಕರಗಿಹೋಗುತ್ತದೆ.

ನನ್ನ ಕೆಲಸ ಏನೆಂದು ತಿಳಿದ ಮೇಲೆ ಪ್ರಶ್ನೆ ಕೇಳುವ ಸರದಿ ಅವರದಾಯಿತು.

“ಮಿದುಳಿನ ನೀರು ಇಳಿಸುತ್ತದೆಯೇ? ನಾವು ಮಕ್ಕಳ ಹೊಟ್ಟೆ ಕಟ್ಟಿದಾಗ ಕೊಡುತ್ತೇವೆ.”

ಎರಡಕ್ಕೂ ಕಾರಣ ಒಂದೇ ಎಂದು ಹುಡುಗ ಬಿಡಿಸಿ ಹೇಳಿದ. ಮ್ಯಾನಿಟಾಲ್ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಕರುಳಿನಲ್ಲಿದ್ದರೆ ಕರುಳಿಗೆ, ರಕ್ತದಲ್ಲಿದ್ದರೆ ಮಿದುಳಿನಿಂದ ರಕ್ತಕ್ಕೆ. ಬರಗಾಲದಲ್ಲಿ ಮರ ತನ್ನ ನೀರನ್ನು ಹಿಡಿದಿಟ್ಟುಕೊಳ್ಳುವುದಕ್ಕೂ ಅದೇ ಆಸರೆ. ಯಜಮಾನರು ಮರದ ಕಡೆ ನೋಡಿ ತಲೆಯಾಡಿಸಿದರು.

“ನಿಮ್ಮ ಬಾಟಲಿಯದು ಯಾವ ಊರಿನ ಮರದ್ದು?”

ಯಾವ ಮರದ್ದೂ ಅಲ್ಲ, ಕಾರ್ಖಾನೆಯಲ್ಲಿ ಸಕ್ಕರೆಗೆ ಜಲಜನಕ ಸೇರಿಸಿ ಮಾಡುತ್ತಾರೆ ಎಂದೆ.

“ಹಾಗಾದರೆ ನಮ್ಮ ಹೆಸರು ಏಕೆ?”

ಹುಡುಗನಿಗೆ ಹುರುಪು ಬಂತು. 1806ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಜೋಸೆಫ್ ಪ್ರೂಸ್ಟ್ ಮನ್ನಾದಿಂದ ಈ ಹರಳನ್ನು ಬೇರ್ಪಡಿಸಿದ, ಹೆಸರು ಅಲ್ಲಿಂದ ಅಂಟಿಕೊಂಡಿತು. ಕೊನೆಯ ‘ಆಲ್’ ಆಲ್ಕೊಹಾಲ್ ಗುಂಪಿನ ಗುರುತು, ಅಮಲೇನೂ ಏರುವುದಿಲ್ಲ. ಸಕ್ಕರೆಯ ಬದಲು ಬಳಸುವ ಸಾರ್ಬಿಟಾಲ್ ಕೂಡ ಹಾಗೆಯೇ: 1872ರಲ್ಲಿ ಇನ್ನೊಬ್ಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಬೂಸಾಂಗೋ ರೋವನ್ ಮರದ ಹಣ್ಣಿನಲ್ಲಿ ಕಂಡ, ಆ ಮರದ ಲ್ಯಾಟಿನ್ ಹೆಸರು ಸಾರ್ಬಸ್. ಈಗ ಅದನ್ನು ಗ್ಲೂಕೋಸಿನಿಂದ ಮಾಡುತ್ತಾರೆ. ಚ್ಯೂಯಿಂಗ್ ಗಮ್ಮಿನ ಕ್ಸೈಲಿಟಾಲ್ ಹೆಸರಿನಲ್ಲಿರುವುದು ಕಟ್ಟಿಗೆಯ ಗ್ರೀಕ್ ಹೆಸರು.

ಇಷ್ಟನ್ನೂ ತಾಳ್ಮೆಯಿಂದ ಕೇಳಿದ ಮೇಲೆ ಅವರು, “ಆ ಮರಗಳವರಿಗೂ ಏನೂ ಕೊಡುವುದಿಲ್ಲವೇ?” ಎಂದರು. ಹುಡುಗ ಅನುವಾದಿಸುವ ಮೊದಲೇ ನಕ್ಕುಬಿಟ್ಟ.

ಊರಿನಲ್ಲಿ ವೆಂಟಿಮಿಲ್ಯಾ ಮನೆತನದ ಕೋಟೆಯಿದೆ, ಹೋಗಿಬಂದೆವು. ಮನ್ನಾ ಲೇಪಿಸಿದ ಪಾನೆತ್ತೋನೆ ಕೇಕನ್ನು ಎಲ್ಲರೂ ಹೊಗಳುತ್ತಾರೆ; ನನಗೆ ಹಿಡಿಸಲಿಲ್ಲ. ಬೆಣ್ಣೆಯ ಗದ್ದಲದಲ್ಲಿ ಮನ್ನಾದ ತೆಳು ರುಚಿ ಎಲ್ಲಿ ಉಳಿಯಬೇಕು? ಕೊಳ್ಳುವುದಾದರೆ ನೇತಾಡುತ್ತಲೇ ಒಣಗಿದ ಕಡ್ಡಿ ಮನ್ನಾ ಕೊಳ್ಳಿ. ತೊಗಟೆಯಿಂದ ಕೆರೆದದ್ದು ಅಗ್ಗ, ಜೊತೆಗೆ ಮರದ ಚೂರೂ ಬರುತ್ತದೆ. ಹೆಚ್ಚು ತಿನ್ನಬೇಡಿ, ಕಾರಣ ಮೇಲೆಯೇ ಹೇಳಿದ್ದೇನೆ.

ಇನ್ನು ಬಸ್ಸು. ನಾವು ಹತ್ತಿದ ಬಸ್ಸಿನೊಳಗೆ ಟಿಕೆಟ್ ಕೊಡುತ್ತಿರಲಿಲ್ಲ, ತಂಬಾಕು ಅಂಗಡಿಯಲ್ಲಿ ಕೊಂಡು ತರಬೇಕಂತೆ. ಅಂಗಡಿಯವನು ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕಿಕೊಂಡಿದ್ದ. ಹಣ ಹಿಡಿದು ನಿಂತಿದ್ದರೂ ಚಾಲಕ ನಮ್ಮನ್ನು ಇಳಿಸಿ ಹೊರಟೇಬಿಟ್ಟ. ಕಡೆಗೆ ಚೆಫಲುವಿನ ರೈಲು ಹಿಡಿಯಲು ಟ್ಯಾಕ್ಸಿಗೆ ತೆತ್ತ ಹಣದಲ್ಲಿ ಇನ್ನಷ್ಟು ಮನ್ನಾ ಬರುತ್ತಿತ್ತು. ವಾಪಸು ಟಿಕೆಟನ್ನು ಬೆಳಿಗ್ಗೆಯೇ ಕೊಂಡಿಟ್ಟುಕೊಳ್ಳಿ. ಭಾನುವಾರವಾದರೆ ಬಸ್ಸನ್ನು ನಂಬಿ ಹೊರಡಲೇಬೇಡಿ.