ಅಜ್ಜಿಯ ಹಚ್ಚೆ ತೆಗೆಯಲಿಲ್ಲ

ಭಾನುವಾರ ಪಕ್ಕದ ಬೀದಿಯವರೊಬ್ಬರು ತಾಯಿಯನ್ನು ಫೋಟೋ ತೆಗೆಸಲು ಕರೆದುಕೊಂಡು ಬಂದಿದ್ದರು. ಎಂಬತ್ತು ದಾಟಿದ ಅಜ್ಜಿ. ಫೋಟೋ ಯಾವುದಕ್ಕೆ ಅಂತ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಸ್ಟುಡಿಯೋ ಅಂದರೆ ಮನೆಯ ಮುಂದಿನ ರೂಮು. ಹಿಂದೆ ಒಂದು ಬೂದು ಬಟ್ಟೆ, ದೀಪದ ಬೆಳಕನ್ನು ಮೃದು ಮಾಡುವ ಒಂದು ಸಾಫ್ಟ್‌ಬಾಕ್ಸ್, ನೆರಳು ತಿಳಿಯಾಗಿಸಲು ಥರ್ಮೋಕೋಲ್ ಹಾಳೆ. ಹವ್ಯಾಸಕ್ಕೆ ಇಷ್ಟು ಧಾರಾಳ. ದೀಪ ಪಕ್ಕದಲ್ಲಿದ್ದಾಗ ಅಜ್ಜಿಯ ಸುಕ್ಕುಗಳೆಲ್ಲ ಜಾಸ್ತಿ ಆಳವಾಗಿ ಕಂಡವು. ಮುಂದಕ್ಕೆ ತಂದು, ಮುಖಕ್ಕೆ ಹತ್ತಿರ ಮಾಡಿದೆ. ಮೃದುವಾಯಿತು. ವಯಸ್ಸಾದವರಿಗೆ ಅರ್ಧ ರಿಟಚಿಂಗ್ ದೀಪದಲ್ಲೇ ಮುಗಿಯಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. 85 ಎಂಎಂ ಲೆನ್ಸ್, ಅದರ ಕಿಂಡಿ ಕಿರಿದು ಮಾಡಿ ಎಫ್ 8. ಕಿವಿಯ ಓಲೆವರೆಗೂ ಶಾರ್ಪ್ ಬಂತು. ಹಣೆ ನಡುವಿನ ಹಚ್ಚೆ, ಗಲ್ಲದ ಮೇಲಿನ ಮೂರು ಚುಕ್ಕಿ, ಎಲ್ಲವೂ.

ಲ್ಯಾಪ್‌ಟಾಪಿನಲ್ಲಿ ನೋಡಿ ಮಗ ಅಂದರು: "ತುಂಬಾ ಚೆನ್ನಾಗಿದೆ ಸಾರ್. ಆ ಹಸಿರು ಗುರುತು ಒಂದು ತೆಗೆದುಬಿಡಿ."

ಅಜ್ಜಿಗೆ ಕೇಳಿಸಿರಲಾರದು ಅಂದುಕೊಂಡಿದ್ದೆವು. "ಬೇಡ. ನಮ್ಮವ್ವ ಒಂದು ಸೇರು ರಾಗಿ ಕೊಟ್ಟು ಹಾಕಿಸಿದ್ದು ಅದು."

ಅಷ್ಟೇ ಮಾತು. ವಾರವೆಲ್ಲ ಕಿವಿಯಲ್ಲಿ ಅದೇ.

ಮಗ ಕೆಟ್ಟವರಲ್ಲ. ತಾಯಿಯ ಸೆರಗು ಸರಿಮಾಡಿದ್ದು ಅವರೇ, ಕೂರುವಾಗ ಬೆನ್ನಿಗೆ ದಿಂಬು ಕೊಟ್ಟಿದ್ದೂ ಅವರೇ. ಗೋಡೆ ಮೇಲೆ ಅಮ್ಮ ನೀಟಾಗಿ ಕಾಣಲಿ ಅನ್ನುವ ಆಸೆ, ಅಲ್ವಾ? ಆದರೆ ನೀಟು ಅನ್ನುವುದನ್ನು ಯಾರು ಹೇಳಿಕೊಟ್ಟರು ನಮಗೆ? ಮದುವೆಗೆ ಕಳಿಸುವ ಫೋಟೋ ತೆಗೆಸಲು ಬಂದವರೂ "ಒಂಚೂರು ಬೆಳ್ಳಗೆ ಮಾಡಿ" ಅನ್ನುತ್ತಾರೆ. ಹುಡುಗಿ ಪಕ್ಕದಲ್ಲೇ ಕೂತಿರುತ್ತಾಳೆ, ಅವಳೆದುರಿಗೇ ಹೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೈಬಣ್ಣ ನಾನು ಮುಟ್ಟುವುದಿಲ್ಲ.

ಎರಡು ವಾರದಲ್ಲಿ ತಾನಾಗಿ ಹೋಗುವುದನ್ನು ತೆಗೆಯಬಹುದು. ಮೊಡವೆ, ಗೀರು, ಸೊಳ್ಳೆ ಕಚ್ಚಿದ ಗುರುತು. ಮಚ್ಚೆ ಇರಲಿ, ಹಳೇ ಗಾಯ ಇರಲಿ. ಕಂಪ್ಯೂಟರಿನಲ್ಲಿ ಬಣ್ಣವನ್ನು ಒಂದು ಲೇಯರಿಗೆ, ಅಂದರೆ ಪದರಕ್ಕೆ, ಚರ್ಮದ ನವಿರನ್ನು ಇನ್ನೊಂದಕ್ಕೆ ಬೇರೆ ಮಾಡಿಕೊಂಡರೆ ಕಣ್ಣಿನ ಕೆಳಗಿನ ಕಪ್ಪನ್ನು ತುಸು ತಿಳಿ ಮಾಡಬಹುದು, ರಂಧ್ರಗಳು ಹಾಗೇ ಉಳಿಯುತ್ತವೆ. ಅಜ್ಜಿಗೆ ಅಷ್ಟೇ ಮಾಡಿದ್ದು.

ಹಚ್ಚೆ ಅಳಿಸುವುದು ಎಡಿಟಿಂಗ್ ಸಾಫ್ಟ್‌ವೇರಿನ ಹೀಲಿಂಗ್ ಬ್ರಷ್‌ಗೆ ಅರ್ಧ ನಿಮಿಷದ ಕೆಲಸ. ಹಿಂದೆ ಸ್ಟುಡಿಯೋದವರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಒಂದೊಂದೇ ಸುಕ್ಕನ್ನು ತಿಳಿ ಮಾಡುತ್ತಿದ್ದರು. ಪ್ರತಿ ಗೆರೆಯ ಮುಂದೆಯೂ ಕೈ ನಿಂತು ಯೋಚಿಸಬೇಕಿತ್ತು. ಈಗ ಫೋನಿನ ಬ್ಯೂಟಿ ಮೋಡು ಯಾರನ್ನೂ ಕೇಳದೆ ಮುಖ ನುಣ್ಣಗೆ ಮಾಡಿಬಿಡುತ್ತದೆ, ನಾವೂ ಅದೇ ನಮ್ಮ ಮುಖ ಅಂದುಕೊಂಡು ಕಳಿಸಿಬಿಡುತ್ತೇವೆ.

ಅಜ್ಜಿಯ ಕಾಲದಲ್ಲಿ ಕೊರವರ ಹೆಂಗಸರು ಸೂಜಿ ಹಿಡಿದು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದರು. ನೋವು ಮರೆಯಲಿ ಅಂತ ಹುಡುಗಿಯರಿಗೆ ಹಾಡು ಹೇಳುತ್ತಿದ್ದರು. ಸತ್ತಾಗ ಒಡವೆಯೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆ ಒಂದೇ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲಿತ್ತು. ಆ ಮಾತು ನಂಬಿ ಬೆಳೆದವರ ಕೊನೆಯ ಫೋಟೋದಿಂದಲೇ ಅದನ್ನು ಅಳಿಸುವುದು ಹೇಗೆ?

ಮ್ಯಾಟ್ ಪೇಪರಿನಲ್ಲಿ ತೆಳು ಬಣ್ಣ ಇನ್ನೂ ಮಂಕಾಗುತ್ತದೆ. ಅಜ್ಜಿಯನ್ನೇ ಕೇಳಿ, ಬರ್ನ್ ಟೂಲಿನಲ್ಲಿ ಹಚ್ಚೆಯನ್ನು ಒಂದು ಎಳೆ ಗಾಢ ಮಾಡಿದೆ. ನಿನ್ನೆ ಮಗ ಬಂದು ಪ್ರಿಂಟನ್ನು ಬಹಳ ಹೊತ್ತು ನೋಡಿದರು. ಗುರುತಿನ ಮಾತು ಎತ್ತಲಿಲ್ಲ. ತಂಗಿ ಮನೆಗೂ ಒಂದು ಬೇಕು, ಇದೇ ಸೈಜಲ್ಲಿ ಹಾಕಿಸಿ ಅಂದರು.