ಜೋಳದ ಹಿಟ್ಟಿನಿಂದ ರಕ್ತ ಆಗೋದಿಲ್ಲ

ನಾಟಕಕ್ಕೆ, ಹ್ಯಾಲೋವೀನ್ ಪಾರ್ಟಿಯ (ದೆವ್ವ-ಭೂತದ ವೇಷ ಹಾಕುವ ಹಬ್ಬ) ವೇಷಕ್ಕೆ ಹಚ್ಚುವ ನಕಲಿ ರಕ್ತ ಮಾಡುವ ವಿಧಾನ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ‘ಕಾರ್ನ್’ ಅನ್ನೋದು ಜೋಳ ಆಗಿಬಿಡುತ್ತದೆ. ಕಲಬುರಗಿಯಲ್ಲಿ ಜೋಳ ಅಂದರೆ ರೊಟ್ಟಿ ಬಡಿಯುವ ಬಿಳಿಜೋಳ. ಅದರ ಹಿಟ್ಟು ಹಾಕಿದರೆ ಗಂಜಿ ಮಬ್ಬಾಗಿ, ಕೆಂಪು ಹೋಗಿ ಗುಲಾಬಿ ಆಗುತ್ತದೆ. ಮೈದಾ ಹಾಕಿದರೂ ಅದೇ ಗತಿ. ಬೇಕಾದದ್ದು ಕಾರ್ನ್‌ಫ್ಲೋರ್, ಅಂದರೆ ಮೆಕ್ಕೆಜೋಳದ ಪಿಷ್ಟ. ಬೆಂದ ಮೇಲೆ ಅದು ಪಾರದರ್ಶಕವಾಗುತ್ತದೆ. ಇಂಗ್ಲಿಷ್ ವಿಧಾನದಲ್ಲಿ ಹೇಳುವ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿ ಪಾಕ) ಹುಡುಕಿ ಅಲೆಯಬೇಡಿ, ಸಕ್ಕರೆ ಪಾಕ ಸಾಕು.

200 ಗ್ರಾಂ ಸಕ್ಕರೆಗೆ 120 ಮಿ.ಲೀ. ನೀರು ಹಾಕಿ, ಅರ್ಧ ಚಮಚ ನಿಂಬೆರಸ ಹಿಂಡಿ, ಒಂದೆಳೆ ಪಾಕ ಬರುವವರೆಗೆ ಕುದಿಸಿ. ನಿಂಬೆರಸ ಇಲ್ಲದಿದ್ದರೆ ಪಾಕ ಆರಿದ ಮೇಲೆ ಸಕ್ಕರೆ ಹರಳುಗಟ್ಟಿ ಮೈಮೇಲೆ ಕಾಳುಕಾಳಾಗಿ ಕಾಣುತ್ತದೆ. ಉರಿ ಸಣ್ಣ ಮಾಡಿ, ಎರಡು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್ ಸುರಿದು ಒಂದು ನಿಮಿಷ ತಿರುವಿ ಇಳಿಸಿ. ಪೂರ್ತಿ ಆರುವವರೆಗೆ ಯಾರ ಮೈಗೂ ಹಚ್ಚಬೇಡಿ. ಪಾಕ ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡು ಚರ್ಮಕ್ಕೆ ಅಂಟಿ ಸುಡುತ್ತದೆ.

ಕೆಲಸದ ಮುಖ್ಯ ಭಾಗ ಬಣ್ಣ. ಬರೀ ಕೆಂಪು ಹಾಕಿದ ರಕ್ತ ಶರಬತ್ತಿನಂತೆ ಕಾಣುತ್ತದೆ. ಅಡುಗೆಯ ಕೆಂಪು ಪುಡಿ ಬಣ್ಣ ಕಾಲು ಚಮಚ, ಸಿಹಿಯಿಲ್ಲದ ಕೋಕೋ ಪುಡಿ ಒಂದು ಚಮಚ. ಎರಡನ್ನೂ ಬೇರೆ ಬೇರೆ ಬಿಸಿನೀರಿನಲ್ಲಿ ಕಲಸಿಯೇ ಹಾಕಬೇಕು, ಒಣಪುಡಿ ಉದುರಿಸಿದರೆ ಚುಕ್ಕೆ ಉಳಿಯುತ್ತವೆ. ಕೋಕೋದಿಂದ ಬಣ್ಣ ಗಾಢವಾಗಿ, ಹಿಂದಿನದು ಕಾಣದಷ್ಟು ದಪ್ಪವಾಗುತ್ತದೆ. ಕೊನೆಗೆ ಅಡುಗೆಯ ನೀಲಿ ಬಣ್ಣ ಒಂದೇ ಹನಿ. ನೀಲಿ ಹೆಚ್ಚಾಗಿ ನೇರಳೆಗೆ ತಿರುಗಿದರೆ ಜಿಲೇಬಿಗೆ ಹಾಕುವ ಕೇಸರಿ ಬಣ್ಣ ಚಿಟಿಕೆ ಬೆರೆಸಿ, ಸರಿಹೋಗುತ್ತದೆ. ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಸವರಿ ನೋಡಿ: ಅಂಚು ಗುಲಾಬಿ ಕಂಡರೆ ಇನ್ನಷ್ಟು ಕೋಕೋ ಬೇಕು. ಪಾರ್ಟಿ ಅಥವಾ ನಾಟಕ ಯಾವ ದೀಪದ ಕೆಳಗೆ ನಡೆಯುತ್ತದೋ ಅದೇ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಹಳದಿ ಬಲ್ಬಿನಡಿ ಕೆಂಪು ಕಿತ್ತಳೆಯತ್ತ ಜಾರುತ್ತದೆ.

ಅರಿಶಿನಕ್ಕೆ ಸುಣ್ಣ ಕಲಸಿದರೆ ಚೆಂದದ ಕೆಂಪು ಬರುತ್ತದೆ, ಓಕುಳಿ ನೀರಿನ ಬಣ್ಣ ಅದೇ. ಆದರೆ ಇಲ್ಲಿ ಬೇಡ. ಸುಣ್ಣ ಕಣ್ಣಿಗೆ, ಬಾಯಿಗೆ ಅಪಾಯ. ಪಾಕದ ನಿಂಬೆಹುಳಿ ತಾಗಿದರೆ ಬಣ್ಣ ಮತ್ತೆ ಹಳದಿಗೆ ಮರಳುತ್ತದೆ. ಹೋಳಿ ಬಣ್ಣ, ರಂಗೋಲಿ ಪುಡಿಗಳನ್ನಂತೂ ಮುಖದ ಹತ್ತಿರ ತರಲೇಬೇಡಿ.

ಬಿಸಿಲುಕಾಲದಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಪಾಕ ಕರಗಿ ಗಲ್ಲದಿಂದ ಕೊರಳಿಗೆ ಇಳಿಯುತ್ತದೆ. ಆಗ ಕಾರ್ನ್‌ಫ್ಲೋರ್ ಒಂದೂವರೆ ಚಮಚ ಮಾಡಿ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿಗೆ ಒಂದೇ ಚಮಚ ಸಾಕು. ಹಚ್ಚುವ ಮೊದಲು ಚರ್ಮಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಕಲೆ ಬೇಗ ಬಿಡುತ್ತದೆ.

ಚಾಕು, ತಲೆಬುರುಡೆಯಂಥ ಸಾಮಾನಿಗೆ ಪಾಕ ಹಚ್ಚಬೇಡಿ, ಅದು ಒಣಗುವುದಿಲ್ಲ, ಇರುವೆ ಮುತ್ತುತ್ತವೆ. ಅದಕ್ಕೆ ಎರಡು ಪಾಲು ಫೆವಿಕಾಲ್, ಒಂದು ಪಾಲು ಕೆಂಪು ಪೋಸ್ಟರ್ ಬಣ್ಣ, ತುಸು ಕಂದು ಕಲಸಿ ಹಚ್ಚಿ. ಹಸಿಯಿದ್ದಾಗ ಗುಲಾಬಿ ಕಂಡರೂ ಗಾಬರಿ ಬೇಡ. ಅಂಟಿನ ಬಿಳುಪು ಒಣಗಿದಂತೆ ಮಾಯವಾಗಿ ಗಾಢ ಕೆಂಪು ಉಳಿಯುತ್ತದೆ.

ಬಟ್ಟೆಗೆ ಪಾಕದ ಬದಲು ಪಾತ್ರೆ ತೊಳೆಯುವ ಜೆಲ್‌ನಲ್ಲಿ ಬಣ್ಣ ಕಲಸಿದರೆ ತೊಳೆಯುವುದು ಸುಲಭ, ಆದರೆ ಅದನ್ನು ಮುಖಕ್ಕೆ ಹಚ್ಚಬಾರದು. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲವಿದ್ದರೆ ಮೊದಲೇ ಪ್ಲಾಸ್ಟಿಕ್ ಹಾಸಿ. ಅದು ಸುಣ್ಣದ ಕಲ್ಲು, ಬಣ್ಣ ಹೀರಿಕೊಳ್ಳುತ್ತದೆ. ಕಲೆ ತೆಗೆಯಲು ನಿಂಬೆಹಣ್ಣು ಉಜ್ಜಿದರೆ ಹುಳಿಗೆ ಕಲ್ಲಿನ ಹೊಳಪೂ ಹೋಗುತ್ತದೆ.