ಕ್ಷಣದ ಮಿನುಗಿಗೆ ಕಾವಲು ಕ್ಯಾಮೆರಾ: ಸುಳ್ಳು ಮಿನುಗುಗಳನ್ನು ಸೋಸುವ ಕೆಲಸ ಎಲ್ಲಿಗೆ ಬಂತು

ಆಕಾಶದಲ್ಲಿ ಕ್ಷಣಕಾಲ ಮಿನುಗಿ ಆರುವ ಬೆಳಕನ್ನು ಉಲ್ಕೆ ಕ್ಯಾಮೆರಾದಿಂದಲೇ ಹಿಡಿಯುವುದು ನಮ್ಮ ಕೆಲಸ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ, ಉಲ್ಕೆ ಕ್ಯಾಮೆರಾಗಳ ಆರ್‌ಎಂಎಸ್ ಸಾಫ್ಟ್‌ವೇರ್ ಹುಡುಕುವುದು ಉಲ್ಕೆಯನ್ನು, ಅಂದರೆ ಗೆರೆ ಎಳೆಯುತ್ತ ಓಡುವ ಬೆಳಕನ್ನು. ನಿಂತಲ್ಲೇ ಮಿನುಗಿ ಆರಿದ್ದು ಅದರ ಲೆಕ್ಕಕ್ಕಿಲ್ಲ. ಆದರೆ ಅದು ಉಳಿಸುವ ಎಫ್‌ಎಫ್ ಫೈಲುಗಳಲ್ಲಿ ಬೇಕಾದದ್ದೆಲ್ಲ ಇದೆ. ಸೆಕೆಂಡಿಗೆ 25ರಂತೆ 256 ಫ್ರೇಮು, ಅಂದರೆ 10.24 ಸೆಕೆಂಡು, ನಾಲ್ಕು ಚಿತ್ರಗಳಾಗುತ್ತವೆ: ಪ್ರತಿ ಪಿಕ್ಸೆಲ್‌ನ ಗರಿಷ್ಠ ಹೊಳಪು, ಅದು ಬಂದ ಫ್ರೇಮಿನ ಸಂಖ್ಯೆ, ಸರಾಸರಿ, ವಿಚಲನೆ (ಹೊಳಪು ಸರಾಸರಿಯ ಸುತ್ತ ಎಷ್ಟು ಏರಿಳಿಯುತ್ತದೆ ಎಂಬ ಅಳತೆ).

ಗರಿಷ್ಠದಲ್ಲಿ ಸರಾಸರಿಯನ್ನು ಕಳೆದು, ವಿಚಲನೆಯ 6 ಪಟ್ಟು ಮೀರಿದ್ದನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. 1280×720 ಪಿಕ್ಸೆಲ್, 256 ಫ್ರೇಮು ಎಂದರೆ ಒಂದು ಫೈಲಿಗೆ 23 ಕೋಟಿಗೂ ಹೆಚ್ಚು ಅಳತೆ. ನಾಯ್ಸ್, ಅಂದರೆ ಚಿತ್ರದಲ್ಲಿನ ಯಾದೃಚ್ಛಿಕ ಏರಿಳಿತ, ಗಾಸಿಯನ್ (ಗಂಟೆಯಾಕಾರದ ಹಂಚಿಕೆಯದು) ಎಂದುಕೊಂಡರೂ 5 ಪಟ್ಟಿನ ಗಡಿಯಲ್ಲಿ ಫೈಲಿಗೆ 60-70 ಸುಳ್ಳು ಚುಕ್ಕೆ ಬೀಳುತ್ತವೆ. 6ಕ್ಕೆ ಏರಿಸಿದರೆ ನಾಲ್ಕು ಫೈಲಿಗೊಂದು.

ನಿಜವಾದ ಜರಡಿ ಫ್ರೇಮ್ ಸಂಖ್ಯೆಯ ಚಿತ್ರ. ಅಕ್ಕಪಕ್ಕದ ಮೂರು-ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದೇ ಸಂಖ್ಯೆ ಇದ್ದರೆ ಅದು ಮಿನುಗು. ಸಂಖ್ಯೆ ಒಂದು ದಿಕ್ಕಿಗೆ ಏರುತ್ತ ಹೋದರೆ ಉಲ್ಕೆ ಅಥವಾ ಉಪಗ್ರಹ. ಸಮ ಅಂತರದ ಚುಕ್ಕೆಸಾಲು ವಿಮಾನದ ದೀಪ. ಒಂಟಿ ಪಿಕ್ಸೆಲ್ ಕಾಸ್ಮಿಕ್ ಕಿರಣದ್ದಿರಬಹುದು, ಅದನ್ನು ಬಿಡಿ.

ಕ್ಯಾಮೆರಾದಲ್ಲಿ 3ಡಿ ನಾಯ್ಸ್ ರಿಡಕ್ಷನ್ ಆಫ್ ಇರಲೇಬೇಕು. ಅದು ಹಿಂದುಮುಂದಿನ ಫ್ರೇಮುಗಳನ್ನು ಬೆರೆಸಿ, ಒಂದೇ ಫ್ರೇಮಿನಲ್ಲಿ ಬಂದ ಬೆಳಕನ್ನು ನುಂಗಿಬಿಡುತ್ತದೆ. ಶಟರ್ 1/25 ಸೆಕೆಂಡಿಗೆ ಸ್ಥಿರ, ಆಟೊ ಎಕ್ಸ್‌ಪೋಷರ್ ಬೇಡ. ವಿಡಿಯೊ ಕುಗ್ಗಿಸುವ ಎಚ್.264 ವಿಧಾನದಲ್ಲಿ ಆಗಾಗ ಪೂರ್ತಿ ಚಿತ್ರವಾಗಿ ಬರುವ ಕೀಫ್ರೇಮ್ ಬಂದಾಗಲೆಲ್ಲ ನಾಯ್ಸ್ ಒಮ್ಮೆಗೇ ಬದಲಾಗುವುದೂ ಉಂಟು. ಸಿಕ್ಕ ಚುಕ್ಕೆಗಳ ಫ್ರೇಮ್ ಸಂಖ್ಯೆಗಳ ಹಿಸ್ಟೋಗ್ರಾಂ ಹಾಕಿ ನೋಡಿ: ನಿಯಮಿತ ಅಂತರದಲ್ಲಿ ಗೋಪುರ ಎದ್ದಿದ್ದರೆ ಬಿಟ್‌ರೇಟ್ (ಸೆಕೆಂಡಿಗೆ ಬರುವ ವಿಡಿಯೊ ದತ್ತಾಂಶ) ಸಾಲದು.

ಇಷ್ಟೆಲ್ಲ ದಾಟಿ ಬರುವುದು ಬಹುಪಾಲು ಉಪಗ್ರಹದ ಫಲಕಗಳು ಮಿಂಚಿಸುವ ಬಿಸಿಲು. ಭೂಮಿಯಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳ ಸಾಲು ಕರ್ನಾಟಕದಿಂದ ಖಗೋಳ ವಿಷುವದ್ವೃತ್ತಕ್ಕಿಂತ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ರೇಖೆ) 2-3 ಡಿಗ್ರಿ ದಕ್ಷಿಣಕ್ಕೆ ಕಾಣುತ್ತದೆ. ಆ ಪಟ್ಟಿಯ ಮಿನುಗನ್ನು ಒಂದೇ ಕ್ಯಾಮೆರಾ ನೋಡಿ ನಂಬಬಾರದು. 100 ಕಿ.ಮೀ. ದೂರದಲ್ಲಿ ಎರಡನೆಯದು ಬೇಕು. 36,000 ಕಿ.ಮೀ. ಎತ್ತರದ ಉಪಗ್ರಹ ಅಲ್ಲಿಂದ 9-10 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿದು ಕಾಣುತ್ತದೆ, ನಕ್ಷತ್ರಗಳಷ್ಟು ದೂರದ ಬೆಳಕು ಸರಿಯುವುದಿಲ್ಲ. 90 ಡಿಗ್ರಿ ಅಗಲ ತೋರುವ ಲೆನ್ಸಿನಲ್ಲಿ ಇದು ಬರೀ ಎರಡು ಪಿಕ್ಸೆಲ್, ತೀರಾ ಕಡಿಮೆ, 16 ಮಿ.ಮೀ. ಲೆನ್ಸ್ ಹಾಕಿದರೆ ಹಲವು ಪಟ್ಟು ಹೆಚ್ಚುತ್ತದೆ. ಆಕಾಶದ ಹರವು ಕಳೆದುಕೊಂಡರೂ ಈ ಬದಲಾವಣೆ ಮಾಡುವುದೇ ಸರಿ. ಎರಡೂ ಕಡೆಯ ಗಡಿಯಾರ ಹೊಂದಬೇಕು. ಜಿಪಿಎಸ್ ಸೆಕೆಂಡಿಗೊಮ್ಮೆ ಕೊಡುವ ಪಿಪಿಎಸ್ ಸಂಕೇತದಿಂದ ಒಂದು ಎಲ್‌ಇಡಿ ಮಿನುಗಿಸಿ ವಿಡಿಯೊ ಎಷ್ಟು ತಡವಾಗಿ ಬರುತ್ತದೆಂದು ಅಳೆಯಬಹುದು.

ಈ ವಿಧಾನಕ್ಕೆ ಸಿಗದ್ದೂ ಇದೆ. 2008ರ ಮಾರ್ಚ್ 19ರ ಗಾಮಾ ಸ್ಫೋಟ ಜಿಆರ್‌ಬಿ 080319ಬಿ 5.3 ಕಾಂತಿಮಾನಕ್ಕೇರಿತ್ತು, ಅಂದರೆ ಕತ್ತಲ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವಷ್ಟು, ಚಿಲಿಯಲ್ಲಿದ್ದ 'ಪೈ ಆಫ್ ದಿ ಸ್ಕೈ' ಕ್ಯಾಮೆರಾ ವ್ಯವಸ್ಥೆ ಅದನ್ನು 10 ಸೆಕೆಂಡಿನ ಚಿತ್ರಗಳಲ್ಲಿ ಹಿಡಿಯಿತು. ಅಷ್ಟು ನಿಧಾನದ ಬೆಳಕು ನಮ್ಮ ಸರಾಸರಿಯೊಳಗೇ ಸೇರಿಹೋಗುತ್ತದೆ. ಹಾಗಾಗಿ ಮುಂದಿನ ಹಂತದಲ್ಲಿ ಒಂದು ಫೈಲಿನ ಸರಾಸರಿಯಿಂದ ಹಿಂದಿನದರ ಸರಾಸರಿ ಕಳೆಯಬೇಕು. ಅಲ್ಲಿ ಮೋಡ ಸರಿದು ಇಣುಕುವ ನಕ್ಷತ್ರಗಳೇ ದೊಡ್ಡ ಕಾಟ. ನಕ್ಷತ್ರಪಟ್ಟಿಗೆ ತಾಳೆ ಹಾಕುವ ಭಾಗ ಇನ್ನೂ ಬರೆಯಬೇಕಿದೆ.